ಅಕ್ಷರಸ್ಥ ಕಳ್ಳರಿಗೆ ಕೆಲವು ಕಿವಿಮಾತು

ಮಧ್ಯಯುಗದ ಇಂಗ್ಲೆಂಡಿನಲ್ಲಿ 12 ಪೆನ್ನಿಗಿಂತ ಹೆಚ್ಚು ಬೆಲೆಯ ಮಾಲು ಕದ್ದರೆ ಗಲ್ಲು. ಹೆದರಬೇಡಿ, ಒಂದೇ ಒಂದು ಸಾಲು ಓದಲು ಬಂದರೆ ಸಾಕು.

ಪಾದ್ರಿಗಳನ್ನು ರಾಜನ ಕೋರ್ಟು ಶಿಕ್ಷಿಸಕೂಡದೆಂದು ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಹಟ ಹಿಡಿದರು. 1170ರಲ್ಲಿ ಅವರ ಕೊಲೆಯಾಯಿತು, ರಾಜ ಎರಡನೇ ಹೆನ್ರಿ ಮಣಿಯಬೇಕಾಯಿತು. ಹೀಗೆ ಪಾದ್ರಿಗೆ ವಿನಾಯಿತಿ ದಕ್ಕಿತು. ಆದರೆ ಪಾದ್ರಿ ಯಾರು? ಮೊದಮೊದಲು ಬೋಳಿಸಿದ ನೆತ್ತಿಯೇ ಸಾಕ್ಷಿ. ಕ್ಷೌರದ ಕತ್ತಿ ಯಾರ ಕೈಗೆ ಬೇಕಾದರೂ ಸಿಗುತ್ತದಲ್ಲ! ಬರಬರುತ್ತ ಓದಬಲ್ಲವನೇ ಪಾದ್ರಿ ಎಂದಾಯಿತು.

ಪರೀಕ್ಷೆಯ ಕ್ರಮ ಹೀಗೆ. ಬಿಷಪ್ಪರ ಪ್ರತಿನಿಧಿ ಲ್ಯಾಟಿನ್ ಕೀರ್ತನೆಗಳ ಪುಸ್ತಕ ಚಾಚುತ್ತಾನೆ. ಕೈದಿ ಓದುತ್ತಾನೆ. 'ಲೆಗಿಟ್ ಉಟ್ ಕ್ಲೆರಿಕಸ್', ಅಂದರೆ ಪಾದ್ರಿಯಂತೆ ಓದಿದ ಎಂದರೆ ಕುತ್ತಿಗೆ ಕ್ಷೇಮ. ಸಾಮಾನ್ಯವಾಗಿ ಕೇಳುತ್ತಿದ್ದುದು ಇಂದಿನ ಬೈಬಲ್ಲಿನ 51ನೇ ಕೀರ್ತನೆಯ ಮೊದಲ ಸಾಲು, 'ಮಿಸೆರೆರೆ ಮೇಯಿ ದೇವುಸ್'. ದೇವರೇ, ನನ್ನನ್ನು ಕರುಣಿಸು! ಅಕ್ಷರದ ಗಂಧವಿಲ್ಲದವರೂ ಜೈಲಿನಲ್ಲಿ ಕೂತು ಇದನ್ನು ಉರುಹೊಡೆಯಬಹುದಿತ್ತು. ಅಪಾಯ ಒಂದೇ: ನ್ಯಾಯಾಧೀಶರು ಬೇರೆ ಪುಟ ತೆರೆಸಿದರೆ ಬಾಯಿಪಾಠದ ಪಂಡಿತ ಅಲ್ಲೇ ಫೇಲು, ಸೀದಾ ಗಲ್ಲಿಗೆ. ಪಾಸಾದವನು ಬಿಷಪ್ಪರ ಜೈಲಿಗೆ ಹೋಗುತ್ತಿದ್ದ. ಅಲ್ಲಿ ಅವಕಾಶ ಸಿಕ್ಕರೆ, ಇವನು ನಿರಪರಾಧಿ ಎಂದು ಆಣೆಯಿಡುವ ಹನ್ನೆರಡು ಮಂದಿಯನ್ನು ಹೊಂದಿಸಿಕೊಂಡು ಹೊರಬರಬಹುದು. ಅಪರಾಧ ಕಂಡವರೇ ಆಗಬೇಕೆಂದಿಲ್ಲ, ಇವನ ಮಾತನ್ನು ನಂಬಿದ್ದೇವೆ ಎಂದರಾಯಿತು.

ಓದು ಬಂದರೂ ಕೈಕೊಡುವ ಸಂದರ್ಭಗಳುಂಟು. ಎರಡನೇ ಮದುವೆಯಾದವನಿಗೆ ಅಥವಾ ವಿಧವೆಯನ್ನು ಮದುವೆಯಾದವನಿಗೆ ಈ ಸೌಲಭ್ಯವಿಲ್ಲವೆಂದು 1276ರ ಶಾಸನ ಖಚಿತಪಡಿಸಿತು. ಮನುಷ್ಯನನ್ನು ಕೊಂದಿದ್ದೀರಾ? ಪುಸ್ತಕ ತೆಗೆದುಕೊಳ್ಳಿ. ವಿಧವೆಯ ಕೈಹಿಡಿದಿದ್ದೀರಾ? ಛೇ, ಎಂಥ ಪಾತಕ! ಇನ್ನು ಸಾಮಾನ್ಯ ಹೆಣ್ಣುಮಕ್ಕಳು ಇಡೀ ಪುಸ್ತಕ ಓದಿ ಒಪ್ಪಿಸಿದರೂ ಪ್ರಯೋಜನವಿಲ್ಲ, ಅವರು ಪಾದ್ರಿಯಾಗುವಂತಿಲ್ಲವಲ್ಲ. ಬಸುರಿಯಾದರೆ ಹೆರಿಗೆಯವರೆಗೆ ಗಲ್ಲು ಮುಂದಕ್ಕೆ, ಅಷ್ಟೆ.

ಒಬ್ಬನೇ ಮತ್ತೆ ಮತ್ತೆ ಪಾಸಾಗುವುದು ಅತಿಯಾಯಿತೆಂದು 1489ರಲ್ಲಿ ಏಳನೇ ಹೆನ್ರಿಯ ಸರ್ಕಾರ ಬಿಗಿ ಮಾಡಿತು. ಪಾದ್ರಿಯಲ್ಲದವನಿಗೆ ಒಂದೇ ಅವಕಾಶ. ಗುರುತಿಗೆ ಎಡಗೈ ಹೆಬ್ಬೆರಳ ಮೇಲೆ ಕಾದ ಕಬ್ಬಿಣದ ಬರೆ: ಕೊಲೆಗಾರನಿಗೆ 'ಎಂ', ಉಳಿದವರಿಗೆ 'ಟಿ'. ನಿಜವಾದ ಪಾದ್ರಿಗೆ ಮಾತ್ರ ಈ ಮಿತಿ ಅನ್ವಯಿಸದು. ಕೋರ್ಟು ಕೊಟ್ಟ ಗಡುವಿನೊಳಗೆ ದೀಕ್ಷೆಯ ಪತ್ರ ಹಾಜರುಪಡಿಸಿದರೆ ಎರಡನೇ ಕೊಲೆಗೂ ವಿನಾಯಿತಿ. ಪತ್ರ ಜೋಪಾನ.