ಸಾವಿರ ಡಾಲರಿನ ಪೆನ್ನು, ಹದಿನೈದು ಗಂಟೆಯ ನೀತಿಪಾಠ

ಅಮೆರಿಕದ ಟೆಕ್ಸಾಸ್ ರಾಜ್ಯದ ಕಾಲಿನ್ ಕೌಂಟಿ ನ್ಯಾಯಾಲಯಕ್ಕೆ ಹೋಗುವವರು ಗಡಿಯಾರ, ಬೆಲ್ಟು, ಚಿಲ್ಲರೆ, ಪೆನ್ನುಗಳನ್ನೆಲ್ಲ ಬಾಗಿಲಲ್ಲೇ ಒಂದು ತಟ್ಟೆಗೆ ಹಾಕಿ, ಲೋಹಶೋಧಕದ ಚೌಕಟ್ಟನ್ನು ದಾಟಿ, ಆಚೆ ಬದಿಯಲ್ಲಿ ಮತ್ತೆ ಎತ್ತಿಕೊಳ್ಳಬೇಕು. 2013ರಲ್ಲಿ ಒಬ್ಬ ವಕೀಲರು ತಮ್ಮ ಸಾವಿರ ಡಾಲರ್ ಬೆಲೆಯ ಮಾಂಟ್‌ಬ್ಲಾಂಕ್ ಪೆನ್ನನ್ನು ಆ ತಟ್ಟೆಯಲ್ಲೇ ಮರೆತರು. ಅದನ್ನು ಇನ್ನೊಬ್ಬ ವಕೀಲರು ಎತ್ತಿಕೊಂಡು ಹೋದರು. ಭದ್ರತಾ ಕ್ಯಾಮೆರಾ ಅದನ್ನು ನೋಡಿತ್ತು. ಕೇಳಿದ ಮೇಲೆ ಪೆನ್ನು ವಾಪಸು ಬಂತು, ಗೊತ್ತಾಗದೆ ಆದದ್ದು ಎಂಬ ಸಮಜಾಯಿಷಿಯೂ ಅದರ ಹಿಂದೆಯೇ ಬಂತು. ಎತ್ತಿಕೊಂಡ ಮಹನೀಯರು ಆಗ ರಾಜ್ಯದ ಸೆನೆಟರ್ ಆಗಿದ್ದ, ರಿಪಬ್ಲಿಕನ್ ಪಕ್ಷದ ಕಟ್ಟಾ ಸಂಪ್ರದಾಯವಾದಿ ಕೆನ್ ಪ್ಯಾಕ್ಸ್‌ಟನ್. ಮರುವರ್ಷ ಟೆಕ್ಸಾಸಿನ ಮತದಾರರು ಅವರನ್ನು ಅಟಾರ್ನಿ ಜನರಲ್ ಹುದ್ದೆಗೆ, ಅಂದರೆ ಇಡೀ ರಾಜ್ಯದ ಹಿರಿಯ ವಕೀಲರನ್ನಾಗಿ, ಆರಿಸಿದರು.

ಪೆನ್ನಿನ ವಿಷಯವನ್ನು ನಾನು ದೊಡ್ಡದು ಮಾಡುವುದಿಲ್ಲ. ಮದುವೆಮನೆಯಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದವರು ನಮ್ಮಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ತಮ್ಮ ಹೊಸ ಜೋಡನ್ನು ಬಿಟ್ಟು ಇನ್ನೊಬ್ಬರ ಸವೆದ ಜೋಡನ್ನು ಮೆಟ್ಟಿ ಬಂದವರು ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ. ನನಗೆ ಕುತೂಹಲವಿರುವುದು ಸಾವಿರ ಡಾಲರ್ ಎಂಬ ಆ ಮೊತ್ತದ ಬಗ್ಗೆ. 2014ರಲ್ಲಿ, ನೋಂದಣಿ ಮಾಡಿಸಿಕೊಳ್ಳದೆಯೇ ಹೂಡಿಕೆಗೆ ಗಿರಾಕಿ ಹುಡುಕಿಕೊಟ್ಟದ್ದಕ್ಕಾಗಿ ರಾಜ್ಯದ ಷೇರು ನಿಯಂತ್ರಣ ಮಂಡಳಿ ಪ್ಯಾಕ್ಸ್‌ಟನ್ನರಿಗೆ ಛೀಮಾರಿ ಹಾಕಿ ದಂಡ ವಿಧಿಸಿತು. ದಂಡವೂ ಸರಿಯಾಗಿ ಸಾವಿರ ಡಾಲರ್. ಟೆಕ್ಸಾಸಿನಲ್ಲಿ ತಪ್ಪಿಗೆ ನಿಗದಿಯಾದ ದರ ಒಂದು ಪೆನ್ನು ಎಂದು ಯಾರಾದರೂ ತಿಳಿದುಕೊಂಡರೆ ಅವರನ್ನು ದೂರುವಂತಿಲ್ಲ.

2015ರ ಜನವರಿಯಲ್ಲಿ ಅವರು ಪ್ರಮಾಣವಚನ ಸ್ವೀಕರಿಸಿದರು. ಜುಲೈನಲ್ಲಿ ಷೇರು ವಂಚನೆಯ ದೋಷಾರೋಪ ಹೊರಿಸಲಾಯಿತು. ಸರ್ವರ್ಜಿ ಎಂಬ ಕಂಪನಿಯಲ್ಲಿ ಹಣ ಹಾಕಿ ಎಂದು ಸ್ನೇಹಿತರಿಗೆ ಹೇಳುವಾಗ, ಹಾಗೆ ಹೇಳುವುದಕ್ಕೆ ತನಗೆ ಕಂಪನಿಯಿಂದ ಪ್ರತಿಫಲ ಸಿಗುತ್ತಿದೆ ಎಂಬುದನ್ನು ಮುಚ್ಚಿಟ್ಟರು ಎಂಬುದು ಆರೋಪ. ಹಣ ಹಾಕಿದವರಲ್ಲಿ ಸ್ವಪಕ್ಷದ ಶಾಸಕರೊಬ್ಬರೂ ಇದ್ದರು. ಪ್ಯಾಕ್ಸ್‌ಟನ್ ಎಲ್ಲವನ್ನೂ ಅಲ್ಲಗಳೆದರು, ಮೆಕಿನ್ನಿಯ ಜೈಲಿಗೆ ಹೋಗಿ ಬೆರಳಚ್ಚು ಕೊಟ್ಟರು, ಸೂಟು ಟೈ ತೊಟ್ಟು ಮುಗುಳ್ನಗೆಯೊಂದಿಗೆ ಆರೋಪಿಯ ಫೋಟೊ ತೆಗೆಸಿಕೊಂಡು ಕಚೇರಿಗೆ ಹಿಂದಿರುಗಿದರು.

ಪ್ಲೇನೊ, ಫ್ರಿಸ್ಕೊ, ಮೆಕಿನ್ನಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಬಂಧುಗಳೊಂದಿಗೆ ಮಾತನಾಡುವಾಗ ಊರಿನ ಕೋರ್ಟುಗಳ ವಾಯಿದೆಯನ್ನು ಆಡಿಕೊಳ್ಳುವುದುಂಟು. ಅವರದೇ ಕೌಂಟಿಯಲ್ಲಿ ಹುಟ್ಟಿದ ಈ ಮೊಕದ್ದಮೆಯನ್ನು ಅವರು ಗಮನಿಸಬೇಕಿತ್ತು. ವಿಚಾರಣೆ ಎಲ್ಲಿ ನಡೆಯಬೇಕು ಎಂಬ ಜಗಳದಲ್ಲಿ ಕೆಲವು ವರ್ಷ ಹೋದವು. ಕಡತ ಹ್ಯೂಸ್ಟನ್ನಿಗೆ ಹೋಯಿತು. ವಿಶೇಷ ಅಭಿಯೋಜಕರಿಗೆ ಗಂಟೆಗೆ 300 ಡಾಲರ್ ಕೊಡುವುದು ಹೆಚ್ಚಾಯಿತೆಂದು ಕೌಂಟಿಯವರು ತಕರಾರು ತೆಗೆದರು. ಆ ತಕರಾರು ರಾಜ್ಯದ ಅತ್ಯುನ್ನತ ಕ್ರಿಮಿನಲ್ ನ್ಯಾಯಾಲಯದವರೆಗೂ ಏರಿತು. ಆರೋಪಿಯ ವಿಚಾರಣೆಗಿಂತ ವಕೀಲರ ಫೀಸಿನ ವಿಚಾರಣೆಯೇ ಚುರುಕಾಗಿ ನಡೆಯಿತು. ಈ ನಡುವೆ ಆರೋಪಿ 2018ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಅದೇ ಹುದ್ದೆಗೆ ಗೆದ್ದು ಬಂದರು. ಕೊನೆಗೆ 2024ರ ಮಾರ್ಚಿನಲ್ಲಿ, ವಿಚಾರಣೆಗೆ ಮೂರು ವಾರವಿರುವಾಗ, ರಾಜಿಯಾಯಿತು: ಹಣ ಕಳೆದುಕೊಂಡವರಿಗೆ 3 ಲಕ್ಷ ಡಾಲರಿನ ಹತ್ತಿರ ಪರಿಹಾರ, 100 ಗಂಟೆ ಸಮುದಾಯ ಸೇವೆ, ಮತ್ತು 15 ಗಂಟೆ ವಕೀಲಿ ನೀತಿಶಾಸ್ತ್ರದ ಪಾಠ. ತಪ್ಪೊಪ್ಪಿಗೆ ಇಲ್ಲ. ಒಂಬತ್ತು ವರ್ಷ ಇಡೀ ರಾಜ್ಯಕ್ಕೆ ಕಾನೂನು ಹೇಳಿದವರಿಗೆ ಹತ್ತನೆಯ ವರ್ಷದಲ್ಲಿ ಅಕ್ಷರಾಭ್ಯಾಸ.

ಹಾಗೆಂದು ಅವರು ಸುಮ್ಮನೆ ಕುಳಿತಿದ್ದರು ಎನ್ನುವಂತಿಲ್ಲ. ಬೈಡನ್ ಸರ್ಕಾರದ ವಿರುದ್ಧ ಅವರ ಕಚೇರಿ ನೂರಕ್ಕೂ ಹೆಚ್ಚು ದಾವೆ ಹೂಡಿತು. 2020ರ ಡಿಸೆಂಬರಿನಲ್ಲಿ ಜಾರ್ಜಿಯಾ, ಮಿಷಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ರಾಜ್ಯಗಳು ತಮ್ಮ ಚುನಾವಣೆಯನ್ನು ಸರಿಯಾಗಿ ನಡೆಸಲಿಲ್ಲವೆಂದು ಟೆಕ್ಸಾಸಿನ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪಕ್ಕದ ಮನೆಯ ಅಡುಗೆಯಲ್ಲಿ ಉಪ್ಪು ಹೆಚ್ಚಾಯಿತೆಂದು ದೂರುವ ಹಕ್ಕು ನಿಮಗಿಲ್ಲ ಎಂಬರ್ಥದಲ್ಲಿ ಕೋರ್ಟು ಕೆಲವೇ ದಿನಗಳಲ್ಲಿ ಅದನ್ನು ತಳ್ಳಿಹಾಕಿತು. ದಾವೆ ಹೂಡುವುದರಲ್ಲಿ ಇಷ್ಟು ಪಳಗಿದ ಕೈ ಸಮನ್ಸ್ ತೆಗೆದುಕೊಳ್ಳುವುದರಲ್ಲಿ ಮಾತ್ರ ನಡುಗಿತು. 2022ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಗರ್ಭಪಾತ ಕುರಿತ ಮೊಕದ್ದಮೆಯ ಸಮನ್ಸ್ ಹಿಡಿದು ಮನೆಯ ಮುಂದೆ ಕಾದಿದ್ದ ವ್ಯಕ್ತಿ ಪ್ರಮಾಣಪತ್ರದಲ್ಲಿ ಬರೆದದ್ದು ಹೀಗೆ: ಗ್ಯಾರೇಜಿನಿಂದ ಹೊರಬಂದ ಅಟಾರ್ನಿ ಜನರಲ್ ತಮ್ಮ ಹೆಸರು ಕೇಳಿದೊಡನೆ ತಿರುಗಿ ಒಳಗೋಡಿದರು, ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಬಂದು ಟ್ರಕ್ಕಿನ ಬಾಗಿಲು ತೆರೆದಿಟ್ಟು ಎಂಜಿನ್ ಚಾಲೂ ಮಾಡಿದರು, ಅಟಾರ್ನಿ ಜನರಲ್ ಓಡಿಬಂದು ಹತ್ತಿದರು, ಟ್ರಕ್ಕು ಹೊರಟಿತು, ಕಾಗದ ನೆಲದ ಮೇಲೆ ಉಳಿಯಿತು. ಅಪರಿಚಿತನೊಬ್ಬ ಮನೆಯ ಬಳಿ ಸುಳಿದಾಡುತ್ತಿದ್ದುದರಿಂದ ಕುಟುಂಬದ ಸುರಕ್ಷತೆಗಾಗಿ ಹಾಗೆ ಮಾಡಿದೆ ಎಂಬುದು ಅವರ ವಿವರಣೆ.

ಟ್ರಕ್ಕು ಓಡಿಸಿದ ಆ ಹೆಂಡತಿ, ಏಂಜೆಲಾ ಪ್ಯಾಕ್ಸ್‌ಟನ್, ರಾಜ್ಯದ ಸೆನೆಟರ್. ಇದು ಮುಂದೆ ಬಹಳ ಮುಖ್ಯವಾಯಿತು. 2020ರಲ್ಲಿ ಪ್ಯಾಕ್ಸ್‌ಟನ್ ತಾವೇ ಆರಿಸಿ ತಂದಿದ್ದ ಎಂಟು ಮಂದಿ ಹಿರಿಯ ಅಧಿಕಾರಿಗಳು, ಸಾಹೇಬರು ದೇಣಿಗೆ ಕೊಟ್ಟ ಆಸ್ಟಿನ್ನಿನ ಬಿಲ್ಡರ್ ನೇಟ್ ಪಾಲ್‌ಗೆ ಅನುಕೂಲ ಮಾಡಿಕೊಡಲು ಕಚೇರಿಯನ್ನೇ ಬಳಸುತ್ತಿದ್ದಾರೆ ಎಂದು ಎಫ್‌ಬಿಐಗೆ ದೂರಿದ್ದರು. ಕೆಲಸ ಕಳೆದುಕೊಂಡ ನಾಲ್ವರು ದಾವೆ ಹೂಡಿದರು. 2023ರಲ್ಲಿ ಅವರಿಗೆ 33 ಲಕ್ಷ ಡಾಲರ್ ಕೊಡುವುದೆಂದು ಒಪ್ಪಿದ ಪ್ಯಾಕ್ಸ್‌ಟನ್, ಆ ಹಣವನ್ನು ಬೊಕ್ಕಸದಿಂದ ಕೊಡಿ ಎಂದು ಶಾಸನಸಭೆಯನ್ನು ಕೇಳಿದರು. ಅತ್ತೆಯ ದುಡ್ಡಿನಲ್ಲಿ ಅಳಿಯನ ದಾನ ಎಂದರೆ ಇದೇ. ಕೇಳಿದ್ದೇ ತಪ್ಪಾಯಿತು, ಸಭೆ ತನಿಖೆಗೆ ಇಳಿಯಿತು. ತನಿಖೆಯ ಸುದ್ದಿ ಹೊರಬಿದ್ದ ದಿನವೇ ಸ್ಪೀಕರ್ ಕುಡಿದು ಕಲಾಪ ನಡೆಸಿದ್ದಾರೆ, ರಾಜೀನಾಮೆ ಕೊಡಲಿ ಎಂದು ಪ್ಯಾಕ್ಸ್‌ಟನ್ ಆಗ್ರಹಿಸಿದರು. ಮೇ 27ರಂದು ಅವರ ಪಕ್ಷದ್ದೇ ಬಹುಮತವಿದ್ದ ಕೆಳಮನೆ 121–23 ಮತಗಳಿಂದ ಅವರಿಗೆ ವಾಗ್ದಂಡನೆ ವಿಧಿಸಿತು.

ಇನ್ನು ಅವರನ್ನು ಹುದ್ದೆಯಿಂದ ಇಳಿಸಬೇಕೇ ಎಂದು ತೀರ್ಮಾನಿಸಲು ರಾಜ್ಯದ ಮೇಲ್ಮನೆಯಾದ ಸೆನೆಟ್ಟಿನ ವಿಚಾರಣೆ. ನ್ಯಾಯಾಧೀಶರ ಪೀಠದಲ್ಲಿ ಕುಳಿತ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್‌ಗೆ, ಅದಕ್ಕೆ ಕೆಲವು ವಾರ ಮೊದಲು, ಪ್ಯಾಕ್ಸ್‌ಟನ್ ಪರ ನಿಂತಿದ್ದ ರಾಜಕೀಯ ಗುಂಪೊಂದರಿಂದ 10 ಲಕ್ಷ ಡಾಲರ್ ದೇಣಿಗೆಯೂ 20 ಲಕ್ಷ ಡಾಲರ್ ಸಾಲವೂ ಸಂದಿದ್ದವು. ಆರೋಪಿಯ ಹೆಂಡತಿ ಸದಸ್ಯರ ಸಾಲಿನಲ್ಲಿದ್ದರು. ಅವರು ಮತ ಹಾಕುವಂತಿಲ್ಲ, ಚರ್ಚೆಗೆ ಕೂರುವಂತಿಲ್ಲ, ಆದರೆ ಹಾಜರಿ ಪುಸ್ತಕದಲ್ಲಿ ಇರಬಹುದು ಎಂದು ನಿಯಮ ಮಾಡಿದರು. ತಪ್ಪಿತಸ್ಥರೆನ್ನಲು ಮೂರನೇ ಎರಡು ಭಾಗ ಮತ ಬೇಕು. 30 ಸದಸ್ಯರಾದರೆ ಅದು 20. 31 ಆದರೆ 21. ಹೀಗೆ ಆ ಸಾಧ್ವಿ ತುಟಿ ಬಿಚ್ಚದೆಯೇ ಗಂಡನ ಪರವಾಗಿ ಒಂದು ಮತದಷ್ಟು ಕೆಲಸ ಮಾಡಿದರು. ಮುಖ್ಯ ಸಾಕ್ಷಿಯೊಬ್ಬರು ಬಂದು ಕಟ್ಟಡದಲ್ಲೇ ಕಾದಿರುವಾಗ, ಅವರು ಹಾಜರಿದ್ದಾರೆ ಆದರೆ ಸಾಕ್ಷಿ ನುಡಿಯಲು ಲಭ್ಯರಿಲ್ಲ ಎಂದು ಪೀಠ ಸಾರಿತು. ಮತ ಹಾಕದೆ ಎಣಿಕೆಗೆ ಸಿಗುವ ಸದಸ್ಯೆ ಇರುವ ಕಡೆ ಬಂದೂ ಸಿಗದ ಸಾಕ್ಷಿ ಇರುವುದು ಲೆಕ್ಕಕ್ಕೆ ಸರಿಯೇ. ಸೆಪ್ಟೆಂಬರ್ 16ರಂದು ಅವರು ಖುಲಾಸೆಯಾದರು. ಯಾವ ಆರೋಪಕ್ಕೂ 14ಕ್ಕಿಂತ ಹೆಚ್ಚು ಮತ ಬೀಳಲಿಲ್ಲ.

ಉಳಿದದ್ದು ಆ ನಾಲ್ವರ ದಾವೆ. ಪ್ರಮಾಣ ಮಾಡಿ ಹೇಳಿಕೆ ಕೊಡುವ ಸಂದರ್ಭ ಹತ್ತಿರ ಬಂದಾಗ ಅಟಾರ್ನಿ ಜನರಲ್ ಕಚೇರಿ, ಪ್ರಕರಣದ ಸಂಗತಿಗಳನ್ನು ನಾವು ಪ್ರಶ್ನಿಸುವುದೇ ಇಲ್ಲ ಎಂದಿತು. ಅಟಾರ್ನಿ ಜನರಲ್ ಮಾತ್ರ, ತಾವು ಏನೂ ತಪ್ಪು ಮಾಡಿಲ್ಲ ಎನ್ನುತ್ತಲೇ ಇದ್ದರು. 2025ರ ಏಪ್ರಿಲ್ 4ರಂದು ನ್ಯಾಯಾಧೀಶರು ಆ ನಾಲ್ವರಿಗೆ 66 ಲಕ್ಷ ಡಾಲರ್ ಕೊಡಿ ಎಂದು ಆದೇಶಿಸಿದರು. ಮೊದಲು ಮಾತಾಗಿದ್ದಕ್ಕಿಂತ ಸರಿಯಾಗಿ ಎರಡು ಪಟ್ಟು, ಅದೂ ರಾಜ್ಯದ ತಲೆಗೆ. ನಾಲ್ಕು ದಿನ ಕಳೆದು, ಏಪ್ರಿಲ್ 8ರಂದು, ಪ್ಯಾಕ್ಸ್‌ಟನ್ ಅಮೆರಿಕದ ಸೆನೆಟ್ಟಿಗೆ ತಾವು ಅಭ್ಯರ್ಥಿ ಎಂದು ಘೋಷಿಸಿದರು.