ಹಳೆಯ ಗೋಡೆಗೆ ಸಿಮೆಂಟ್ ಬಳಿಯಬೇಡಿ

ಹಳೆಯ ಕಟ್ಟಡ ಕೆಡವಿದರೆ ಪ್ರತಿಭಟನೆ ಆಗುತ್ತದೆ. ದುರಸ್ತಿಯ ಹೆಸರಲ್ಲಿ ಅದನ್ನೇ ಹಾಳುಗೆಡವಿದರೆ ಉದ್ಘಾಟನೆ ಆಗುತ್ತದೆ. ಈ ಎರಡನೆಯ ನಷ್ಟದ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತೇವ ಹೀರುತ್ತದೆ, ಒಣ ಹವೆಯಲ್ಲಿ ಸಂದುಗಳ ಮೂಲಕ ಅದನ್ನು ಹೊರಬಿಡುತ್ತದೆ. ಗಾರೆ ಇಟ್ಟಿಗೆಗಿಂತ ಮೆದುವಾಗಿರುವುದರಿಂದ ಸವೆತವೆಲ್ಲ ಗಾರೆಗೇ ತಟ್ಟುತ್ತದೆ, ಇಟ್ಟಿಗೆ ಉಳಿಯುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಅದರಲ್ಲಿ ಕರಗಿದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದರ ಮುಖವನ್ನೇ ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ. ಮೊದಮೊದಲು ಗೋಡೆ ಹೊಸದರಂತೆ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಸರಿಯಾದ ಕೆಲಸ ಶುರುವಾಗುವುದು ನೀರಿನಿಂದ. ಸೋರುವ ಚಾವಣಿ, ಕಟ್ಟಿಕೊಂಡ ಕೊಳವೆ, ಗೋಡೆಯ ಬುಡಕ್ಕೆ ಏರಿದ ಮಣ್ಣು ಇವು ಸರಿಹೋಗುವ ತನಕ ಗೋಡೆ ಮುಟ್ಟಬಾರದು. ಆಮೇಲೆ ಸಡಿಲ ಗಾರೆಯನ್ನು ಉಳಿ ಸುತ್ತಿಗೆಯಲ್ಲಿ, ಸಂದಿನ ಅಗಲದ ಎರಡರಷ್ಟು ಆಳಕ್ಕಾದರೂ ತೆಗೆಯಬೇಕು. ಗ್ರೈಂಡರ್ ಹಿಡಿದರೆ ಕಲ್ಲಿನ ಅಂಚೇ ಹೋಗುತ್ತದೆ. ಧೂಳು ತೆಗೆದು ಸಂದನ್ನು ಚೆನ್ನಾಗಿ ನೆನೆಸಬೇಕು. ಒಣ ಇಟ್ಟಿಗೆ ಹೊಸ ಗಾರೆಯ ನೀರನ್ನೆಲ್ಲ ಎಳೆದುಕೊಂಡರೆ ಗಾರೆ ಪುಡಿಪುಡಿಯಾಗುತ್ತದೆ. ಸಂದಿಗೆ ತುಂಬುವ ಹೊಸ ಗಾರೆಗೆ ಅರಳಿಸಿದ ಸುಣ್ಣ 1 ಪಾಲು, ತೊಳೆದ ಮರಳು 3 ಪಾಲು ಎಂಬುದು ಸಾಮಾನ್ಯ ಲೆಕ್ಕ. ಆದರೂ ಹಳೆಯ ಗಾರೆಯ ಚೂರನ್ನು ಪರೀಕ್ಷಿಸದೆ ಪ್ರಮಾಣ ನಿರ್ಧರಿಸಬಾರದು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ನಿಧಾನವಾಗಿ. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೇ ಕೆಲವು ದಿನ ಒದ್ದೆ ಗೋಣಿಚೀಲ ಇಳಿಬಿಡಬೇಕು. ಬೇಗ ಮುಗಿಯಲಿ ಎಂದು ನಡುವೆ ಒಂದು ಬಾಂಡ್ಲಿ ಸಿಮೆಂಟ್ ಸೇರಿಸಿದರೆ ಇಷ್ಟೂ ಶ್ರಮ ವ್ಯರ್ಥ.

ಹೊಂದದ ವಸ್ತು ಬಳಸಿದ ದುರಸ್ತಿಯೇ ಹಾನಿ ಮಾಡಿದ್ದು ಗ್ರೀಸ್‌ನ ಅಥೆನ್ಸ್‌ನಲ್ಲಿರುವ ಪ್ರಾಚೀನ ದೇಗುಲ ಪಾರ್ಥೆನಾನ್‌ನಲ್ಲೂ ಆಯಿತು. ಕಲ್ಲುಗಳನ್ನು ಬೆಸೆಯುವ ಕಬ್ಬಿಣದ ಕೊಂಡಿಗಳಿಗೆ ಪ್ರಾಚೀನ ಶಿಲ್ಪಿಗಳು ಸೀಸ ಎರೆದಿದ್ದರು. 20ನೇ ಶತಮಾನದ ಮೊದಲ ದಶಕಗಳ ದುರಸ್ತಿಯಲ್ಲಿ ಸೀಸವಿಲ್ಲದ ಕಬ್ಬಿಣ ಹಾಕಿದರು. ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಈಗ ಅವನ್ನು ಕಿತ್ತು ಟೈಟಾನಿಯಂ ಕೂರಿಸುತ್ತಿದ್ದಾರೆ. ಸ್ಮಾರಕಗಳ ಸಂರಕ್ಷಣೆಗೆ ಅಂತಾರಾಷ್ಟ್ರೀಯ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದು, ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ ಭಾಗ ಹೊಸದೆಂದು ಗುರುತು ಸಿಗಬೇಕು ಎನ್ನುತ್ತದೆ. ನನ್ನ ಮಟ್ಟಿಗೆ ಇದು ಜನರಿಗೆ ಸುಳ್ಳು ಹೇಳಬಾರದೆಂಬ ನಿಯಮ.

ಜನರ ಪಾಲು ಇಲ್ಲಿ ಸಣ್ಣದಲ್ಲ. ನ್ಯೂಯಾರ್ಕ್‌ನ ಹಳೆಯ ರೈಲು ನಿಲ್ದಾಣ ಪೆನ್ ಸ್ಟೇಷನ್ ಕೆಡವಲು 1963ರಲ್ಲಿ ಶುರುಮಾಡಿದಾಗ ಎದ್ದ ಆಕ್ರೋಶ ಆ ನಗರದ 1965ರ ಕಟ್ಟಡ ಸಂರಕ್ಷಣಾ ಕಾನೂನಿಗೆ ಬಲ ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ನೆಲಸಮವಾದ, ಪೋಲೆಂಡಿನ ವಾರ್ಸಾದ ಹಳೇ ಪೇಟೆಯನ್ನು ಜನ ಹಳೆಯ ಚಿತ್ರಗಳು, ಅಳತೆ ನಕ್ಷೆಗಳನ್ನು ಇಟ್ಟುಕೊಂಡು ಮತ್ತೆ ಕಟ್ಟಿದರು. 1980ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ನಕ್ಷೆಗಳು ಇಲ್ಲದಿದ್ದರೆ ಅಷ್ಟು ನಿಖರವಾಗಿ ಕಟ್ಟಲು ಆಗುತ್ತಿರಲಿಲ್ಲ.

ಆದ್ದರಿಂದ ಯಾವುದೇ ಹಳೆಯ ಕಟ್ಟಡದ ದುರಸ್ತಿ ಶುರುವಾಗುವ ಮುನ್ನ ಮೂರು ಕಾಗದ ಕೇಳಿ: ಈಗಿನ ಸ್ಥಿತಿಯ ಅಳತೆ ಮತ್ತು ಫೋಟೋ, ಹಳೆಯ ಗಾರೆಯ ಪರೀಕ್ಷಾ ವರದಿ, ಕಾಣದ ಮೂಲೆಯಲ್ಲಿ ಮೊದಲು ಮಾಡಿ ನೋಡಿದ ಮಾದರಿ ದುರಸ್ತಿಯ ಫಲಿತಾಂಶ. ಜೊತೆಗೆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಯಾರು ಎಂದೂ ಕೇಳಿ. ಉತ್ತರ ಸಿಗದಿದ್ದರೆ ಕೆಲಸ ತಡೆಯಿರಿ.