ಸಂಜೆಯ ತೇರ್ಸ್ (ಮಣಿ ಎಣಿಸಿ ಹೇಳುವ ಜಪಸರ) ಯಾಕೆ ತಪ್ಪುತ್ತದೆ, ಹೇಗೆ ಉಳಿಯುತ್ತದೆ

"ದಿನಾ ಪ್ರಾರ್ಥನೆ ಮಾಡಬೇಕು ಅಂತ ಮನಸ್ಸಿದೆ. ನಾಲ್ಕು ದಿನ ಆಗುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ." ಕಾಸರಗೋಡಿನ ಗಡಿನಾಡಿನಲ್ಲಿ, ನಮ್ಮ ಕುಂಬಳೆ, ಬೇಳ, ಮಂಜೇಶ್ವರ ಕಡೆಯ ಕ್ರೈಸ್ತ ಮನೆಗಳಲ್ಲಿ ಈ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಮ್ಮಿ ಒಂದೇ: ನಿಮ್ಮ ನಂಬಿಕೆ ಸಡಿಲವಾಗಿದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ನಾನು ಇದನ್ನು ಒಪ್ಪುವುದಿಲ್ಲ. ನಂಬಿಕೆ ಇಲ್ಲದವರು ಪ್ರಾರ್ಥನೆ ತಪ್ಪಿತು ಅಂತ ಬೇಸರ ಮಾಡಿಕೊಳ್ಳುವುದೇ ಇಲ್ಲ ಅಲ್ವಾ? ನಮ್ಮ ಮನೆಗಳಲ್ಲಿ ಕಳೆದುಹೋಗಿರುವುದು ಪ್ರಾರ್ಥನೆಯ ಹೊತ್ತು, ಅದರ ಜಾಗ, ಜೊತೆಗೆ ಕೂರುವ ಜನ. ಈ ಮೂರನ್ನು ವಾಪಸ್ ತಂದುಕೊಂಡ ಮನೆಗಳಲ್ಲಿ ಪ್ರಾರ್ಥನೆ ಉಳಿದಿದೆ. ಒಬ್ಬೊಬ್ಬರ ಹಟದ ಮೇಲೆ ಬಿಟ್ಟ ಕಡೆ ಉಳಿದದ್ದು ಕಮ್ಮಿ.

ನಮ್ಮೂರಿನ ಸಂಜೆಯನ್ನೇ ನೋಡಿ. ಸೂರ್ಯ ಮುಳುಗುತ್ತಿದ್ದ ಹಾಗೆ ಮಸೀದಿಯಿಂದ ಮಗ್ರಿಬ್ ಬಾಂಗ್ ಕೇಳುತ್ತದೆ. ಪಕ್ಕದ ಮನೆಯಲ್ಲಿ ತುಳಸಿಕಟ್ಟೆಗೆ ದೀಪ ಇಡುತ್ತಾರೆ, ಮಕ್ಕಳು ಕೈಕಾಲು ತೊಳೆದು ಭಜನೆಗೆ ಕೂರುತ್ತಾರೆ. ನಮ್ಮ ಕೊಂಕಣಿ ಮನೆಗಳಲ್ಲಿ ದೇವದೂತ ಮರಿಯಮ್ಮನಿಗೆ ತಂದ ಸುದ್ದಿಯನ್ನು ನೆನೆಯುವ ಆಂಜೆಲ್ ಪ್ರಾರ್ಥನೆ, ಅದರ ಹಿಂದೆಯೇ ತೇರ್ಸ್, ಅಂದರೆ ಜಪಸರ. ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಬೆಸಾಂವ್ ಕೇಳುತ್ತಾರೆ, ಹಿರಿಯರು ಆಶೀರ್ವಾದ ಮಾಡುತ್ತಾರೆ. ಇಡೀ ಊರು ಕೆಲಸ ಕೆಳಗಿಟ್ಟು ದೇವರ ಕಡೆ ತಿರುಗುವ ಹೊತ್ತು ಅದು. ಇಂಥ ಊರಲ್ಲಿ ಹುಟ್ಟಿದ್ದು ದೊಡ್ಡ ಭಾಗ್ಯ ಅಂತ ನಾನು ನಂಬಿದ್ದೇನೆ. ಪ್ರಾರ್ಥನೆಗೆ ಯಾರೂ ಅಲಾರಂ ಇಡಬೇಕಾಗಿರಲಿಲ್ಲ. ಊರೇ ನೆನಪಿಸುತ್ತಿತ್ತು.

ಆ ಹೊತ್ತನ್ನು ನಾವು ಬೇರೆ ಬೇರೆಯವರಿಗೆ ಹಂಚಿಬಿಟ್ಟೆವು. ಸ್ವಲ್ಪ ಟಿವಿ ಧಾರಾವಾಹಿಗೆ, ಸ್ವಲ್ಪ ಮಕ್ಕಳ ಟ್ಯೂಷನ್ನಿಗೆ, ಸ್ವಲ್ಪ ಮನೆಯಿಂದಲೇ ಕೆಲಸ ಮಾಡುವವರ ಮೀಟಿಂಗಿಗೆ. ಉಳಿದದ್ದು ಮೊಬೈಲಿಗೆ. ಹಂಚಿ ಮುಗಿದ ಮೇಲೆ "ಅವರವರು ಮಲಗುವ ಮೊದಲು ಅವರವರ ಪ್ರಾರ್ಥನೆ ಮಾಡಿಕೊಳ್ಳಲಿ" ಅಂತ ತೀರ್ಮಾನ ಆಯಿತು. ದಿನವಿಡೀ ದುಡಿದು ಹಾಸಿಗೆಗೆ ಬಿದ್ದವನಿಗೆ ಎಷ್ಟು ಪ್ರಾರ್ಥನೆ ಆದೀತು?

ಇದರ ಜೊತೆಗೆ ಇನ್ನೊಂದು ಉಪದೇಶ ಬಂದಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಗಂಟೆ ದೇವರ ಜೊತೆ ಕೂರಬೇಕು, ಅದೇ ನಿಜವಾದ ಭಕ್ತಿ ಅಂತ. ಯೇಸು ಬೆಳಗಾಗುವ ಮೊದಲೇ ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು ಅಂತ ಬೈಬಲಿನ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಇದೆ, ನಿಜ. ಅದೇ ಮಾರ್ಕನ ಆರನೇ ಅಧ್ಯಾಯದಲ್ಲಿ ಐದು ಸಾವಿರ ಜನರಿಗೆ ಊಟ ಆದ ಮೇಲೆ, ಸಂಜೆ ಹೊತ್ತಿಗೆ, ಅವರು ಬೆಟ್ಟಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. 55ನೇ ಕೀರ್ತನೆಯಲ್ಲಿ ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಅಂತ ಬರುತ್ತದೆ. ಮೊದಲು ಹೇಳಿರುವುದೇ ಸಂಜೆಯನ್ನು.

ನಮ್ಮ ಕಡೆ ರಬ್ಬರ್ ಟ್ಯಾಪಿಂಗ್ ಮಾಡುವವರು ಕತ್ತಲಿರುವಾಗಲೇ ತಲೆಗೆ ಲೈಟ್ ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ತಂಪು ಹೊತ್ತಿನಲ್ಲೇ ಹಾಲು ಚೆನ್ನಾಗಿ ಇಳಿಯುವುದು, ಬಿಸಿಲೇರಿದರೆ ಆಗುವುದಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸ್ ಹುಡುಗಿ ಬೆಳಿಗ್ಗೆಯ ರೈಲಿನಲ್ಲಿ ನಿದ್ದೆಗಣ್ಣಲ್ಲಿ ಮನೆಗೆ ಬರುತ್ತಾಳೆ. ಇವರ ಭಕ್ತಿ ಕಮ್ಮಿ ಅಂತ ಹೇಳುವ ಅಧಿಕಾರ ಯಾರಿಗಿದೆ? ಆ ಹುಡುಗಿ ರೈಲಿನಲ್ಲಿ ಕೂತು ಬೆರಳೆಣಿಸಿ ಹತ್ತು ಸಲ ನಮೋ ಮರಿಯಾ ಜಪ ಹೇಳಿದರೆ ಅದೇ ಅವಳ ಬೆಳಗಿನ ಪ್ರಾರ್ಥನೆ. ಬೀಡಿ ಕಟ್ಟುವ ಅಮ್ಮಂದಿರಿಗೆ ಗೆರಸೆ ಮಡಿಲಲ್ಲಿರುವಾಗ ಕೈ ಬಿಡುವಿಲ್ಲ, ಆದರೆ ಬಾಯಿಗೆ ಬಿಡುವಿದೆ. ಬೇರೆಯವರ ಹೊತ್ತನ್ನು ನಮ್ಮ ಮೇಲೆ ಹೇರಿಕೊಳ್ಳುವುದಕ್ಕಿಂತ ನಮ್ಮ ದಿನದಲ್ಲಿ ಇರುವ ಹೊತ್ತನ್ನು ಹಿಡಿದುಕೊಳ್ಳುವುದು ಒಳ್ಳೆಯದು.

ಮಕ್ಕಳಿಗೆ ದಿನಾ ಪ್ರಾರ್ಥನೆ ಅಭ್ಯಾಸ ಆಗುವುದಿಲ್ಲ ಅನ್ನುವವರು ಮೊಂತಿ ಹಬ್ಬದ, ಅಂದರೆ ಮರಿಯಮ್ಮನ ಹುಟ್ಟುಹಬ್ಬದ, ನೊವೆನಾ ಪ್ರಾರ್ಥನೆ ನೆನಪು ಮಾಡಿಕೊಳ್ಳಿ. ಆಗಸ್ಟ್ 30ರಿಂದ ಒಂಬತ್ತು ದಿನ, ಸೆಪ್ಟೆಂಬರ್ 8ಕ್ಕೆ ಹಬ್ಬ. ಆ ಒಂಬತ್ತು ದಿನ ಮಕ್ಕಳಿಗೆ ಯಾರಾದರೂ ನೆನಪಿಸಬೇಕಾ? ಮಳೆ ಬರುತ್ತಿದ್ದರೂ ಬೇಲಿ ಬೇಲಿ ಅಲೆದು ದಾಸವಾಳ, ಗೊರಟೆ, ಹೆಸರು ಗೊತ್ತಿಲ್ಲದ ಕಾಡುಹೂ ಎಲ್ಲ ಕೊಯ್ದು ಬುಟ್ಟಿ ತುಂಬುತ್ತಾರೆ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಸಾಲಾಗಿ ನಿಂತು ಬಾಲ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಜ್ವರ ಬಂದರೂ ಹೋಗಲೇಬೇಕು ಅಂತ ಅಳುವ ಮಕ್ಕಳಿದ್ದಾರೆ. ಅಲ್ಲಿ ಕೈಗೆ ಕೆಲಸ ಇದೆ, ಗೊತ್ತಾದ ಹೊತ್ತಿದೆ, ಜೊತೆಗೆ ಓರಗೆಯ ಮಕ್ಕಳಿದ್ದಾರೆ. ಅದೇ ಮಗುವನ್ನು ಮನೆಯಲ್ಲಿ ಒಬ್ಬನೇ ಮೂಲೆಗೆ ಕೂರಿಸಿ "ಪ್ರಾರ್ಥನೆ ಮಾಡು" ಅಂದರೆ ಕೊಸರಾಡುತ್ತದೆ. ದೋಷ ಮಗುವಿನದ್ದಲ್ಲ. ಮನೆಯ ತೇರ್ಸಿನಲ್ಲೂ ಮಗುವಿಗೊಂದು ಕೆಲಸ ಕೊಡಿ. ಮೋಂಬತ್ತಿ ಹಚ್ಚುವುದು, ಹೂ ಇಡುವುದು, ಒಂದು ಹತ್ತು ಮಣಿಯ ಜಪ ತಾನೇ ಮುಂದೆ ನಿಂತು ಹೇಳುವುದು.

ಓದುವುದನ್ನೂ ಮಕ್ಕಳಿಗೇ ಬಿಡಿ. ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ, ಮಲಯಾಳಂ ಮೀಡಿಯಂ ಶಾಲೆಗಳಿಗೆ ಹೋಗುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಮಗು ಕನ್ನಡ ಅಕ್ಷರವನ್ನು ಗಟ್ಟಿಯಾಗಿ ಓದುವ ಜಾಗ ಅಂತ ಉಳಿದಿದ್ದರೆ ಅದು ಸಂಜೆಯ ಪ್ರಾರ್ಥನೆ ಮಾತ್ರ. ನಮ್ಮ ಕೊಂಕಣಿ ಪ್ರಾರ್ಥನೆ ಪುಸ್ತಕಗಳೂ ಕನ್ನಡ ಲಿಪಿಯಲ್ಲೇ ಇರುವುದರಿಂದ ಎರಡೂ ಭಾಷೆ ಒಟ್ಟಿಗೆ ಉಳಿಯುತ್ತವೆ. ಗಡಿನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಏನು ಓದಬೇಕು? ಹೊಸವರ್ಷಕ್ಕೆ ಇಡೀ ಬೈಬಲ್ ಓದಿ ಮುಗಿಸುತ್ತೇನೆ ಅಂತ ಶುರು ಮಾಡುವವರು ತುಂಬಾ ಜನ. ನಮ್ಮ ಬೈಬಲಿನಲ್ಲಿ 73 ಪುಸ್ತಕಗಳಿವೆ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಬೇಕು. ಆದಿಕಾಂಡ, ವಿಮೋಚನಾಕಾಂಡ ಕಥೆಯ ಓಟದಲ್ಲಿ ಹೋಗುತ್ತದೆ. ಬಲಿಗಳ ನಿಯಮಗಳು ಶುರುವಾಗುವ ಯಾಜಕಕಾಂಡಕ್ಕೆ ಬಂದಾಗ ಹೆಚ್ಚಿನವರು ನಿಲ್ಲುತ್ತಾರೆ. ಅದಕ್ಕಿಂತ ಆಯಾ ದಿನ ಚರ್ಚಿನ ಬಲಿಪೂಜೆಯಲ್ಲಿ ಓದುವ ಶುಭಸಂದೇಶದ ಭಾಗ ಓದಿ. ಹೆಚ್ಚಿನ ದಿನ ಹದಿನೈದು ಇಪ್ಪತ್ತು ವಚನದೊಳಗೆ ಮುಗಿಯುತ್ತದೆ. ವಾರದ ದಿನಗಳಲ್ಲಿ, ದೊಡ್ಡ ಹಬ್ಬಗಳ ಕಾಲ ಬಿಟ್ಟು ಉಳಿದ ಸಾಧಾರಣ ಕಾಲದಲ್ಲಿ ಮೊದಲು ಮಾರ್ಕ, ಆಮೇಲೆ ಮತ್ತಾಯ, ಆಮೇಲೆ ಲೂಕ ಬರುತ್ತದೆ. ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಕೊನೆಗೂ ಈಸ್ಟರಿನಿಂದ ಶುರುವಾಗುವ ಪಾಸ್ಕ ಕಾಲದಲ್ಲೂ ಯೊವಾನ್ನ ಜಾಸ್ತಿ. ಸುಮ್ನೆ ದಿನಾ ಐದು ನಿಮಿಷ ಓದಿಕೊಂಡು ಹೋದರೆ ಯೇಸುವಿನ ಜೀವನ ವರ್ಷದೊಳಗೆ ಕಿವಿಗೆ ಬಿದ್ದಿರುತ್ತದೆ.

ಜಪಸರವೂ ಹಾಗೇ. ಹೇಳಿದ್ದನ್ನೇ ಹೇಳುವುದು ಅಂತ ಬೇಜಾರಾಗುವವರು ರಹಸ್ಯಗಳ ಕಡೆ, ಅಂದರೆ ಹತ್ತು ಹತ್ತು ಮಣಿಯ ಜೊತೆ ಧ್ಯಾನಿಸುವ ಯೇಸು, ಮರಿಯಮ್ಮನ ಬದುಕಿನ ಘಟನೆಗಳ ಕಡೆ, ಗಮನ ಕೊಡುವುದಿಲ್ಲ. ಸೋಮವಾರ, ಶನಿವಾರ ಸಂತೋಷದ್ದು. ಮಂಗಳವಾರ, ಶುಕ್ರವಾರ ದುಃಖದ್ದು. ಬುಧವಾರ, ಭಾನುವಾರ ಮಹಿಮೆಯದ್ದು. ಗುರುವಾರದ ಬೆಳಕಿನ ರಹಸ್ಯಗಳನ್ನು 2002ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಸೇರಿಸಿದರು. ಪ್ರತಿ ರಹಸ್ಯಕ್ಕೂ ಒಂದು ಘಟನೆ. ಮಣಿ ಸರಿಯುತ್ತಿರುವಾಗ ಮನಸ್ಸು ಆ ಘಟನೆಯ ಹತ್ತಿರ ಕೂರಬೇಕು. ಐದೂ ರಹಸ್ಯ ಆಗುವುದಿಲ್ಲವಾ? ಒಂದೇ ಮಾಡಿ. ಮೂರು ನಾಲ್ಕು ನಿಮಿಷ ಸಾಕು. ಆದರೆ ನಾಳೆಯೂ ಅದೇ ಹೊತ್ತಿಗೆ ಮಾಡಿ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಯಜಮಾನರು ಕುವೈತಿನಲ್ಲಿದ್ದಾರೆ. ಇಲ್ಲಿ ರಾತ್ರಿ ಏಳು ಅಂದರೆ ಅಲ್ಲಿ ಸಂಜೆ ನಾಲ್ಕೂವರೆ, ಡ್ಯೂಟಿ ಮುಗಿಸಿ ವ್ಯಾನಿನಲ್ಲಿ ಕೂತಿರುವ ಹೊತ್ತು. ಮನೆಯವರು ವಿಡಿಯೋ ಕಾಲ್ ಹಚ್ಚಿ ಮೊಬೈಲನ್ನು ಮನೆಯ ಅಲ್ತಾರಿನ (ದೇವರ ಪೀಠದ) ಶಿಲುಬೆಗೆ ಒರಗಿಸಿ ಇಡುತ್ತಾರೆ. ನೆಟ್ ನಿಧಾನ. ಇವರು ಜಪದ ಮೊದಲರ್ಧ ಹೇಳಿದರೆ ಅವರ ಉತ್ತರ ಒಂದು ಕ್ಷಣ ತಡವಾಗಿ ಬರುತ್ತದೆ. ಅಜ್ಜಿ ಮುಂದಿನ ಮಣಿ ಹಿಡಿದುಕೊಂಡು ಮಗನ ದನಿ ಮುಗಿಯುವ ತನಕ ಕಾಯುತ್ತಾರೆ, ಆಮೇಲೆಯೇ ಮುಂದುವರಿಸುತ್ತಾರೆ. ಹಾಗಾಗಿ ಅವರ ಮನೆಯ ತೇರ್ಸಿಗೆ ಬೇರೆ ಮನೆಗಳಿಗಿಂತ ಜಾಸ್ತಿ ಹೊತ್ತು ಬೇಕು. ಕೊನೆಯಲ್ಲಿ ಮಕ್ಕಳು ಮೊಬೈಲಿನ ಮುಂದೆ ಕೈ ಮುಗಿದು ಅಪ್ಪನ ಹತ್ತಿರ ಬೆಸಾಂವ್ ಕೇಳುತ್ತಾರೆ. ಹೊತ್ತು, ಜಾಗ, ಜೊತೆ ಅಂತ ನಾನು ಹೇಳುತ್ತಿರುವುದು ಇದನ್ನೇ.

ಇನ್ನು, "ಪ್ರಾರ್ಥನೆ ಮಾಡಿದರೂ ಏನೂ ಅನಿಸುವುದಿಲ್ಲ" ಅಂತ ಬಿಟ್ಟವರಿದ್ದಾರೆ. ಅವಿಲಾದ ಸಂತ ತೆರೇಸಾ ಹದಿನಾರನೇ ಶತಮಾನದಲ್ಲಿ ಪ್ರಾರ್ಥನೆಯ ಬಗ್ಗೆ ಇಡೀ ಧರ್ಮಸಭೆಗೇ ಕಲಿಸಿದವರು. ಅವರೇ ಬರೆದುಕೊಂಡಿದ್ದಾರೆ, ಕೆಲವು ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತಲೇ ಕಾಯುತ್ತಿದ್ದೆ ಅಂತ. 24ನೇ ವಯಸ್ಸಿನಲ್ಲಿ ತೀರಿಕೊಂಡ ಲಿಸ್ಯೂವಿನ ಸಂತ ತೆರೇಸಾ ಪ್ರಾರ್ಥನೆಯ ಹೊತ್ತಿಗೆ ತೂಕಡಿಸುತ್ತಿದ್ದರು. ನಿದ್ದೆ ಮಾಡುವ ಮಕ್ಕಳ ಮೇಲೂ ತಂದೆತಾಯಿಗೆ ಅಷ್ಟೇ ಪ್ರೀತಿ ಇರುತ್ತದಲ್ಲ ಅಂತ ಅವರು ಸಮಾಧಾನವಾಗಿದ್ದರು. ಇಬ್ಬರೂ ಸಂತರೇ. ಇಬ್ಬರೂ ಜಾಗ ಬಿಟ್ಟು ಏಳಲಿಲ್ಲ.

ಒಂದು ದಿನ ತಪ್ಪಿದರೆ? ತಪ್ಪಿತು, ಅಷ್ಟೇ. ಮರುದಿನ ಎರಡು ತೇರ್ಸ್ ಹೇಳಿ ಲೆಕ್ಕ ಸರಿ ಮಾಡಬೇಕಾಗಿಲ್ಲ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ಮನ್ನಾ, ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರ, ಸಿಕ್ಕಿದ್ದು ಆಯಾ ದಿನಕ್ಕೆ ಸಾಕಾಗುವಷ್ಟು. ಮಾತು ಕೇಳದೆ ಮರುದಿನಕ್ಕೆ ಎತ್ತಿಟ್ಟದ್ದು ಹುಳ ಬಿತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ನಾವು ಕೇಳುವುದು ಇವತ್ತಿನ ರೊಟ್ಟಿಯನ್ನೇ. ನಿನ್ನೆಯ ಬಾಕಿಗೆ ಹೆದರಿ ಇವತ್ತಿನದ್ದನ್ನೂ ಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಒಂದು ಮಾತು ನಮ್ಮ ಚರ್ಚಿನ ವಾರ್ಡಿನವರಿಗೆ, ವಾರ್ಡಿನ ಮುಖಂಡರಾದ ಗುರಿಕಾರರಿಗೆ. ಮಕ್ಕಳೆಲ್ಲ ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೋಗಿ ಮುದುಕರಿಬ್ಬರೇ ಉಳಿದ ಮನೆಗಳು ಪ್ರತಿ ವಾರ್ಡಿನಲ್ಲೂ ಇವೆ. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರು ಒಬ್ಬರೇ ಜಪ ಹೇಳಬೇಕು, ಉತ್ತರ ಕೊಡುವವರಿಲ್ಲ. ಅಕ್ಟೋಬರ್ ಜಪಸರದ ತಿಂಗಳು. ಈ ಸಲ ದೊಡ್ಡ ಮನೆಗಳನ್ನು ಆಮೇಲೆ ನೋಡಿಕೊಳ್ಳೋಣ. ಮುದುಕರೇ ಉಳಿದಿರುವ ಮನೆಗಳ ಪಟ್ಟಿ ಮೊದಲು ಬರೆಯಿರಿ. ದಿನಕ್ಕೊಂದು ಮನೆಯವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಲಿ. ಚಹಾ ತಿಂಡಿ ಏನೂ ಬೇಡ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಆ ವಯಸ್ಸಿನಲ್ಲೂ ಅವರು ಒಲೆ ಮುಂದೆ ನಿಲ್ಲುತ್ತಾರೆ.